ದೇವದುರ್ಗದ ಎಂಜಿನ್ ಮತ್ತು ನನ್ನ ಕೈಬರಹ

ರಾಯಚೂರಿನಲ್ಲಿ ಕೆಲಸಕ್ಕೆ ಸೇರಿದ ದಿನ, ಹನ್ನೊಂದು ಗಂಟೆಯ ಹೊತ್ತಿಗೆ ಮುಖ ತೊಳೆಯಲೆಂದು ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ನೀರು ಕಾಯಿಸಿದ್ದು ಬಿಸಿಲು. ಕಚೇರಿಯ ಜವಾನ ಖಾಜಾಸಾಬ ಮಡಕೆಯಿಂದ ಒಂದು ತಂಬಿಗೆ ನೀರು ತಂದು ಸುರಿಯುತ್ತ, "ಮೈಸೂರಾಗ ನಲ್ಲಿ ನೀರು ತಣ್ಣಗ ಇರ್ತಾವೇನ್ರಿ ಸಾಹೇಬ್ರ?" ಎಂದು ಕೇಳಿದ.

ಇರುತ್ತವೆ ಎಂದೆ.

"ಮತ್ತ ಇಲ್ಲಿಗ್ಯಾಕ ಬಂದ್ರಿ?"

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಸಿಕ್ಕಿದ್ದು ಇದೊಂದೇ ಕೆಲಸ, ಅದಕ್ಕೇ ಬಂದಿದ್ದೆ. ಊರಿಗೆ ಬರೆದ ಪತ್ರಗಳಲ್ಲಿ ಮಾತ್ರ ಹಿಂದುಳಿದ ಸೀಮೆಯ ಸೇವೆ ಎಂದೇನೋ ಬರೆದಿದ್ದೆ. ಎರಡರಲ್ಲಿ ಯಾವುದನ್ನು ಆಗ ನಿಜವಾಗಿ ನಂಬಿದ್ದೆನೋ ಈಗ ಹೇಳಲಾರೆ.

ಮೈಸೂರಿನಲ್ಲಿ ಬಾಡಿಗೆಗೆ ಮನೆ ಕೊಡುವವರು ಜಾತಿಯನ್ನು ಸುತ್ತಿ ಬಳಸಿ ಕೇಳುತ್ತಾರೆ. ಇಲ್ಲಿ ನೇರವಾಗಿ ಕೇಳಿದರು, ಅಷ್ಟೇ ವ್ಯತ್ಯಾಸ. ಸಿಕ್ಕಿದ್ದು ಕಲ್ಲುಚಪ್ಪಡಿಯ ಒಂದು ಕೋಣೆ. ಶಾಲೆಗೆ ಸಾಲಿ, ಆಸ್ಪತ್ರೆಗೆ ದವಾಖಾನಿ ಅನ್ನುವುದನ್ನು ವಾರದಲ್ಲಿ ಕಲಿತೆ. ರೊಟ್ಟಿಯೊಡನೆ ಕೊಡುವ ಹುಳಿ ಪುಂಡಿಪಲ್ಯ ಹಿಡಿಸಲು ಒಂದು ವರ್ಷ ಬೇಕಾಯಿತು. ಭಾನುವಾರಗಳು ಉದ್ದವಾಗಿದ್ದವು. ಮಾತಾಡಲು ಯಾರೂ ಇಲ್ಲದೆ ಸ್ಟೇಷನ್ನಿಗೆ ಹೋಗಿ, ಇಳಿಯುವವರ ಮುಖ ನೋಡಿ ಬರುತ್ತಿದ್ದೆ.

ನಮ್ಮದು ಕೆಲಸ ಬೇಕಾದವರ ಹೆಸರು, ಓದು, ಕಸುಬು ಬರೆದುಕೊಳ್ಳುವ ಕಚೇರಿ. ಕಾರ್ಖಾನೆಗಳು ಕೇಳಿದಾಗ ಪಟ್ಟಿ ಕಳಿಸುತ್ತಿದ್ದೆವು. ತಿಂಗಳಿಗೊಮ್ಮೆ ಮಾನ್ವಿಗೋ ದೇವದುರ್ಗಕ್ಕೋ ಹೋಗಿ ಅಲ್ಲಿಯೇ ಬರೆದುಕೊಳ್ಳುವುದೂ ಇತ್ತು. ಒಂದು ವಿಚಿತ್ರ ಬೇಗ ಕಣ್ಣಿಗೆ ಬಿತ್ತು. ಹಳ್ಳಿಯಿಂದ ಬಂದವರೆಲ್ಲರ ಕಸುಬೂ ನಮ್ಮ ಕಾರ್ಡುಗಳಲ್ಲಿ ಕೂಲಿಯೇ. ಮೈಸೂರಿನಲ್ಲಿ ಎರಡು ದಿನ ಗ್ಯಾರೇಜಿನಲ್ಲಿ ನಿಂತವನು ತನ್ನನ್ನು ಮೆಕ್ಯಾನಿಕ್ ಎಂದು ಕರೆದುಕೊಳ್ಳುತ್ತಾನೆ. ಇಲ್ಲಿ ಹಾಗಲ್ಲ. ಫಿಟ್ಟರ್, ವೆಲ್ಡರ್ ಕೆಲಸಗಳು ಬಂದರೆ ನಮ್ಮ ಜಿಲ್ಲೆಯಿಂದ ಕಳಿಸಲು ಹೆಸರಿಲ್ಲ, ಆ ಕೆಲಸಗಳು ಹೊರಗಿನವರಿಗೆ ಹೋಗುತ್ತಿದ್ದವು.

ನಾಲ್ಕೈದು ವರ್ಷ ಕಳೆದಿರಬೇಕು. ಒಮ್ಮೆ ದೇವದುರ್ಗದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಹಿಟ್ಟಿನ ಗಿರಣಿಯಲ್ಲಿ ಒಬ್ಬ ಡೀಸೆಲ್ ಎಂಜಿನ್ನನ್ನು ಪೂರ್ತಿ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡಿದ್ದ. ನನ್ನ ಬಸ್ಸು ಬಂದು ಹೋಯಿತು. ಅವನು ಎಲ್ಲವನ್ನೂ ಜೋಡಿಸಿ, ಶುರುಮಾಡಿ, ಕಣ್ಣು ಮುಚ್ಚಿ ಸದ್ದು ಕೇಳಿ, ಪಾನಾ ಹಿಡಿದು ಒಂದು ನಟ್ಟು ಸ್ವಲ್ಪ ಸಡಿಲಿಸಿದ. ಹೆಸರು ಕೇಳಿದೆ. ತಿಪ್ಪಣ್ಣ. ಮಾನ್ವಿ ತಾಲ್ಲೂಕಿನ ಕುರ್ಡಿಯವನು, ಒಂಬತ್ತನೆಯ ತರಗತಿಗೆ ಸಾಲಿ ಬಿಟ್ಟವನು. ನಮ್ಮಲ್ಲಿ ಹೆಸರು ಬರೆಸಿದ್ದಾನಂತೆ.

"ಏನಂತ ಬರೆಸಿದ್ದೀಯಪ್ಪ?"

"ಕೂಲಿ ಅಂತ್ರಿ."

"ಎಂಜಿನ್ ಕೆಲಸ ಅನ್ನಬಾರದಿತ್ತೆ?"

ಅವನು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದ. "ಎಂಜಿನ್ನು ಧಣೇರ್ದು ಅದರೀ. ಪಾನಾನೂ ಅವ್ರದ. ನಾ ಅವ್ರ ಕೈಯಾಗ ಕೂಲಿ ಮಾಡಾಕತ್ತೀನಿ. ನಂದು ಅಂತ ಹೆಂಗ ಅನ್ಲಿ?"

ಯಾರ ಕೈಕೆಳಗೆ ಎನ್ನುವುದೇ ಇಲ್ಲಿ ಕಸುಬು, ಕೈಗೆ ಏನು ಬರುತ್ತದೆ ಎನ್ನುವುದಲ್ಲ. ಇದು ತಿಳಿಯಲು ಇಷ್ಟು ವರ್ಷ, ಇಷ್ಟು ಓದು ಬೇಕಾಯಿತು.

ಆ ವರ್ಷ ನದಿಯ ದಂಡೆಯಲ್ಲಿ ಏಳುತ್ತಿದ್ದ ಒಂದು ಹೊಸ ಕಾರ್ಖಾನೆ ಫಿಟ್ಟರ್ ತರಬೇತಿಗೆ ಜನ ಕೇಳಿತ್ತು. ಹತ್ತನೆಯ ತರಗತಿ ಪಾಸಾಗಿರಬೇಕು, ಇಲ್ಲವೇ ಕಸುಬಿನ ಅನುಭವ ದಾಖಲೆಯಲ್ಲಿರಬೇಕು. ವಯಸ್ಸಿನ ಮಿತಿಯೊಳಗೆ ತಿಪ್ಪಣ್ಣನಿಗೆ ಉಳಿದದ್ದು ಅದೊಂದೇ ವರ್ಷ. ಗಿರಣಿಯ ಧಣಿ ಚೀಟಿ ಬರೆದುಕೊಡಲಿಲ್ಲ, ಕೊಟ್ಟರೆ ಇವನು ಹೋಗುತ್ತಾನಲ್ಲ. ನಾನೇ ಕಣ್ಣಾರೆ ಕಂಡದ್ದನ್ನು ಮೇಲಧಿಕಾರಿಗಳಿಗೆ ಎರಡು ಪುಟ ಬರೆದೆ. ಜೊತೆಗೆ, ಹೆಸರು ಬರೆಯುವಾಗ ಏನು ಕೆಲಸ ಎಂದು ಕೇಳದೆ ಕೈಯಿಂದ ಏನೇನು ಮಾಡಬಲ್ಲೆ ಎಂದು ಕೇಳಬೇಕು, ಓದಿಲ್ಲದವರಿಗೆ ಕೆಲಸ ಮಾಡಿಸಿ ನೋಡುವ ಕೈಪರೀಕ್ಷೆ ಇಡಬೇಕು ಎಂದೂ ಸೇರಿಸಿದೆ. ಹಿಂದಿನ ಗುಮಾಸ್ತರು ಯೋಚಿಸದೆ ಕೂಲಿ ಎಂದು ಗೀಚಿದ್ದಾರೆ ಎಂದು ಖಾರವಾಗಿಯೇ ಹೇಳಿದ್ದೆ.

ಆಯ್ಕೆಯ ದಿನ ಮೇಲಧಿಕಾರಿಗಳು ತಿಪ್ಪಣ್ಣನ ಕಾರ್ಡನ್ನು ನನ್ನ ಮುಂದಕ್ಕೆ ಸರಿಸಿದರು. "ಇದು ಯಾರ ಅಕ್ಷರ ನೋಡಿ."

ನನ್ನದು. ದೇವದುರ್ಗದಲ್ಲಿಯೇ ಬರೆದದ್ದು. ಅವನು ನನ್ನ ಎದುರು ನಿಂತಿದ್ದ ಆ ದಿನ ನನಗೆ ಇವತ್ತಿಗೂ ನೆನಪಿಲ್ಲ.

"ಅಂದು ಕೂಲಿ ಅಂತ ಬರೆದವರೂ ನೀವೇ, ಇವತ್ತು ಮೆಕ್ಯಾನಿಕ್ ಅನ್ನುವವರೂ ನೀವೇ. ಯಾವುದನ್ನು ನಂಬೋಣ?" ಎಂದರು. ಪ್ರಶ್ನೆ ತಪ್ಪಾಗಿರಲಿಲ್ಲ. ತಿಪ್ಪಣ್ಣನ ಹೆಸರು ಪಟ್ಟಿಗೆ ಸೇರಲಿಲ್ಲ.

ಹೊರಗೆ ಬಂದು ತಿಪ್ಪಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು, "ನೀವ ಅಂತ ನಂಗ ಗೊತ್ತಿತ್ತರೀ," ಎಂದ. "ಮಾರಿ ಎತ್ತಿ ನೋಡ್ಲೇ ಇಲ್ಲ ನೀವು."

ಮರುವರ್ಷ ಕೈಪರೀಕ್ಷೆ ಬಂತು. ನನ್ನ ಕಾಗದದಿಂದಲೋ ಬೇರೆ ಯಾರದರಿಂದಲೋ ತಿಳಿಯದು. ಮಾನ್ವಿ, ದೇವದುರ್ಗದ ಕಡೆಯ ಕೆಲವರಿಗೆ ಕೆಲಸವಾಯಿತು. ಅವರಲ್ಲಿ ಇಬ್ಬರನ್ನು ಕುರ್ಡಿಯಿಂದ ಕರೆತಂದವನು ತಿಪ್ಪಣ್ಣ. ಅವನ ವಯಸ್ಸು ಮೀರಿತ್ತು. ಇಂದಿಗೂ ಅದೇ ಗಿರಣಿಯಲ್ಲಿದ್ದಾನೆ.

ಹೋದ ವಾರ ನನಗೆ ಮೈಸೂರಿಗೆ ವರ್ಗವಾಗಿದೆ. ಸುದ್ದಿ ಕೇಳಿ ತಿಪ್ಪಣ್ಣ ಕಚೇರಿಗೆ ಬಂದ.

"ನಿಮ್ಮ ಕುರ್ಚಿಗಿ ಬರೋರು ನಮ್ಮನ್ನ ಏನಂತ ಕೇಳ್ತಾರ್ರಿ?"

"ಹೇಗೆ ಕೇಳಬೇಕು ಅಂತ ಬರೆದಿಟ್ಟು ಹೋಗ್ತೀನಿ."

ಅವನು ಖಾಜಾಸಾಬನ ಕಡೆ ನೋಡಿ ನಕ್ಕ. "ಇವ್ರು ಬರ್ದಿದ್ದು ಒಮ್ಮಿ ನೋಡೀವಲ್ಲಪಾ."

ವರ್ಗ ಬೇಡವೆಂಬ ಅರ್ಜಿಯನ್ನು ನಿನ್ನೆ ಕಳಿಸಿದೆ. ಇಲ್ಲಿ ನಾನು ಈಗಲೂ ಮೈಸೂರು ಸಾಹೇಬ. ರಜೆಗೆ ಮೈಸೂರಿಗೆ ಬಂದಾಗ 'ಇದೆ' ಅನ್ನುವ ಬದಲು ಬಾಯಿತಪ್ಪಿ 'ಅದ' ಎಂದರೆ ಅಲ್ಲಿಯವರಾದ ನೀವು ನಗುತ್ತೀರಿ. ಅರ್ಜಿಯಲ್ಲಿ ಕಾರಣ ಕೇಳಿದ್ದರು. ಈ ಊರಿನ ಮೇಲಿನ ಪ್ರೀತಿ ಎಂದು ಬರೆಯಲು ಹೋಗಿ, ನಂಬಿಕೆಯಾಗದೆ, ಕೆಲಸ ಬಾಕಿ ಇದೆ ಎಂದಷ್ಟೇ ಬರೆದೆ.