ಅಡುಗೆಮನೆಯಲ್ಲಿ ಕುಡಿಸಿದ ಹಾಲು

ತಂಗಿಗೆ ಎದೆಹಾಲು ಕಡಿಮೆ ಎಂದು ಎಲ್ಲರಿಗೂ ಹೇಳಿದವಳು ನಾನು. ಕಡಿಮೆ ಮಾಡಿದವಳೂ ನಾನೇ. ಎರಡನೆಯದನ್ನು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ.

ಅವ್ವ ತೀರಿಕೊಂಡಿದ್ದರಿಂದ ತಂಗಿಯ ಮೊದಲ ಬಾಣಂತನ ಯಾವಗಲ್‌ನ ನಮ್ಮ ಮನೆಯಲ್ಲೇ ಆಯಿತು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತಂಗಿ ಡಿಗ್ರಿ ಮುಗಿಸಿ ನರಗುಂದಕ್ಕೆ ಸೊಸೆಯಾಗಿ ಹೋದವಳು. ರೋಣದ ದವಾಖಾನೆಯಲ್ಲಿ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಆಗ ನನ್ನ ಸಣ್ಣ ಮಗನಿಗೆ ಎಂಟು ತಿಂಗಳು, ಇನ್ನೂ ನನ್ನ ಹಾಲು ಕುಡಿಯುತ್ತಿದ್ದ.

ಮನೆಗೆ ಬಂದ ದಿನವೇ ತಂಗಿ ನರ್ಸ್ ಹೇಳಿದ್ದನ್ನೆಲ್ಲ ನನಗೆ ಒಪ್ಪಿಸಿದಳು.

"ಅಕ್ಕಾ, ಕೂಸು ಕೇಳಿದಾಗೆಲ್ಲಾ ಎದಿಗೆ ಹಾಕ್ಬೇಕಂತ. ನೀರೂ ಚಲೋತ್ನಂಗ ಕುಡೀಬೇಕಂತ."

"ನಾ ಎರಡ ಹಡದೀನಿ. ಯಾವ ಪುಸ್ತಕಾ ಓದಿ ಹಡದಿಲ್ಲ," ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ.

ನಮ್ಮಲ್ಲಿ ಬಾಣಂತಿಗೆ ದಿನಾ ಎಣ್ಣೆ ತಿಕ್ಕಿ, ಮೈ ಕೆಂಪಗಾಗುವಷ್ಟು ಬಿಸಿನೀರು ಹಾಕಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಕಂಬಳಿ ಹೊದಿಸಿ ಮಲಗಿಸುತ್ತೇವೆ. ಮೈಯಿಂದ ಬೆವರು ಇಳಿಯಬೇಕು, ನಡುವೆ ಏಳಬಾರದು. ಹೀಗೆ ದಿನವೂ ಮಧ್ಯಾಹ್ನ ತಂಗಿ ಮೈಮರೆತು ಮಲಗುತ್ತಿದ್ದಳು. ಐದನೆಯ ದಿನ ಆ ಹೊತ್ತಿನಲ್ಲಿ ಕೂಸು ಚೀರಿತು. ಅವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಕೂಸನ್ನು ಅಡುಗೆಮನೆಗೆ ಒಯ್ದು, ಒಲೆಯ ಪಕ್ಕದ ಗೋಡೆಗೆ ಒರಗಿ ನನ್ನ ಹಾಲನ್ನೇ ಕುಡಿಸಿದೆ. ಗಟಗಟ ಕುಡಿದು ನಿದ್ದೆ ಹೋಯಿತು.

ಆ ದಿನ ಮಾಡಿದ್ದು ತಪ್ಪಲ್ಲ. ಮರುದಿನ ಕೂಸು ಅಳುವ ಮೊದಲೇ ಎತ್ತಿಕೊಂಡೆನಲ್ಲ, ತಪ್ಪು ಅಲ್ಲಿಂದ ಶುರುವಾಯಿತು. ಆಮೇಲೆ ಮುಂಜಾನೆಯೂ, ಸಂಜೆಯೂ. "ನೀ ಮಲ್ಕೋ, ನಾ ಆಡಸ್ತೀನಿ" ಎನ್ನುತ್ತಿದ್ದೆ. ಆಕಳ ಹಾಲು ಕುಡಿಸುತ್ತಿದ್ದೇನೆ ಎಂದೂ ಹೇಳಿದೆ. ಹೊಟ್ಟೆ ತುಂಬಿದ ಕೂಸು ತಾಯಿಯ ಎದೆಗೆ ಬಾಯಿಟ್ಟು ಎರಡು ಸಲ ಚೀಪಿ ಕಣ್ಣು ಮುಚ್ಚುತ್ತಿತ್ತು. ತಂಗಿಯ ಎದೆ ಮೊದಲು ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ಅಳುವಷ್ಟು ನೋವಾಯಿತು. ಬಿಸಿ ಬಟ್ಟೆ ಒತ್ತಿದೆ. ಕೆಲವು ದಿನಕ್ಕೆ ಮೆತ್ತಗಾಯಿತು. ಹಾಲು ಬತ್ತುತ್ತಿತ್ತು. ಕರು ಬಿಡದೆ, ಹಿಂಡದೆ ಬಿಟ್ಟರೆ ಎಮ್ಮೆ ಬತ್ತುತ್ತದೆಂದು ಎಮ್ಮೆ ಸಾಕಿದ ನನಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿದ್ದೂ ಬಿಡಲಿಲ್ಲ. ಎಲ್ಲದರಲ್ಲೂ ನನಗಿಂತ ಮುಂದೆ ಇದ್ದ ತಂಗಿಗೆ ಆಗದ್ದು, ನನಗೆ ಆಗುವಂಥದ್ದು ಇದೊಂದು ಸಿಕ್ಕಿತ್ತು.

ತೊಟ್ಟಿಲು ಕಾರ್ಯಕ್ಕೆ ನರಗುಂದದಿಂದ ಅವಳ ಅತ್ತೆ ಬಂದರು. ಹಾಲಿನ ಸುದ್ದಿಯನ್ನು ಅವರಿಗೆ ನಾನೇ ಹೇಳಿದೆ.

"ಕಾಲೇಜ್ ಕಲತ ಎದಿ, ಅದರಾಗ ಹಾಲ ಎಲ್ಲಿಂದ ಬರಬೇಕವ್ವಾ?" ಎಂದು ಅವರು ನಕ್ಕರು. ನಾನೂ ನಕ್ಕೆ. ಬಾಣಂತಿ ಕೋಣೆಯ ಬಾಗಿಲು ತೆರೆದೇ ಇತ್ತು.

ಅಂದಿನಿಂದ ತಂಗಿ ಕೊಟ್ಟದ್ದೆಲ್ಲ ಬೇಡವೆನ್ನದೆ ತಿಂದಳು. ಅಳವಿ ಬೀಜದ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಸಾರು. ಗಜೇಂದ್ರಗಡದಿಂದ ತಿನ್ನುವ ಅಂಟು ತರಿಸಿ, ತುಪ್ಪದಲ್ಲಿ ಹುರಿದು, ಕೊಬ್ಬರಿ ಉತ್ತತ್ತಿ ಬೆಲ್ಲ ಕೂಡಿಸಿ ಉಂಡೆ ಕಟ್ಟಿದೆ.

"ಇನ್ನೊಂದು ಕೊಡಕ್ಕಾ. ಇದರಿಂದಾದ್ರೂ ಹಾಲ ಬರ್ತಾವೇನ ನೋಡೂಣು," ಎನ್ನುತ್ತಿದ್ದಳು.

ಕೊಡುತ್ತಿದ್ದೆ. ಆಮೇಲೆ ಕೈ ತೊಳೆದು ಕೂಸನ್ನು ಅಡುಗೆಮನೆಗೆ ಒಯ್ಯುತ್ತಿದ್ದೆ.

ತಿಂಗಳು ತುಂಬಿದಾಗ ಊರಿನ ಆಶಾ ಕಾರ್ಯಕರ್ತೆ ತೂಕ ನೋಡಲು ಬಂದಳು.

"ಹಾಲ ಇಲ್ಲಂತೀರಿ, ಕೂಸು ನೋಡಿದ್ರ ಗುಂಡಕಲ್ಲ ಆಗೇತಿ! ಏನ ಕುಡಸಾಕತ್ತೀರಿ?"

"ಆಕಳ ಹಾಲ್ರಿ. ಅಕ್ಕ ಕುಡಸ್ತಾಳ," ಎಂದಳು ತಂಗಿ.

ಆಶಾ ಕಾರ್ಯಕರ್ತೆಯನ್ನು ಕಳಿಸಲು ನಾನು ಅಂಗಳಕ್ಕೆ ಬಂದೆ. ಅವಳು ಕೊಟ್ಟಿಗೆಯ ಕಡೆ ನೋಡಿದಳು. ನನ್ನ ಕುಪ್ಪಸ ಎದೆಯ ಮೇಲೆ ಒದ್ದೆಯಾಗಿತ್ತು, ಅದನ್ನೂ ನೋಡಿದಳು.

"ಆಕಳ ಎಲ್ಲೈತ್ರಿ ಅಕ್ಕಾರ? ನನಗ ಎಮ್ಮಿ ಅಷ್ಟ ಕಾಣಾಕತ್ತೈತಿ."

ನಾನು ಸೆರಗನ್ನು ಎದೆಯ ಮೇಲೆ ಎಳೆದುಕೊಂಡೆ.

"ಕೂಸಿನ್ನ ಆಕೀ ಎದಿಗೆ ಬಿಡ್ರಿ. ಹಗಲೂ ರಾತ್ರಿ, ಎರಡ ತಾಸಿಗೊಮ್ಮೆ, ಎರಡೂ ಕಡೆ. ಆಕೀಗಿ ನೀರ ಕೊಡ್ರಿ. ಇನ್ನೂ ಹೊತ್ತ ಮೀರಿಲ್ಲ. ವಾರದಾಗ ಮತ್ತ ಬಂದು ತೂಕ ನೋಡ್ತೀನಿ," ಎಂದು ಅವಳು ಹೋದಳು. ಯಾರ ಮುಂದೆಯೂ ನನ್ನ ಮಾನ ಕಳೆಯಲಿಲ್ಲ.

ಅಂದಿನಿಂದ ಕೂಸನ್ನು ತಂಗಿಯ ಬರಿ ಎದೆಯ ಮೇಲೆ ಮಲಗಿಸಿದೆ. ಕೂಸು ಸಿಟ್ಟಿನಿಂದ ಚೀರುತ್ತಿತ್ತು, ಬಿಟ್ಟು ಹಿಡಿದು ಬಿಟ್ಟು ಹಿಡಿದು ಚೀಪುತ್ತಿತ್ತು. ಆ ದನಿ ಕೇಳಿದರೆ ನನ್ನ ಎದೆ ತೊಟ್ಟಿಕ್ಕುತ್ತಿತ್ತು. ಹಿತ್ತಲಿಗೆ ಹೋಗಿ ನುಗ್ಗೆ ಗಿಡದ ಬುಡಕ್ಕೆ ಹಿಂಡಿ ಬರುತ್ತಿದ್ದೆ. ವಾರಕ್ಕೆ ಬಂದು ತೂಗಿದ ಆಶಾ ಕಾರ್ಯಕರ್ತೆ ತಲೆಯಾಡಿಸಿದಳು. ಇನ್ನೆರಡು ವಾರಕ್ಕೆ ತಂಗಿಯ ಹಾಲು ಕೂಸಿಗೆ ಸಾಕಾಗುವಷ್ಟು ಬಂತು.

"ಅಕ್ಕಾ, ನಿನ್ನ ಉಂಡಿ ಕೆಲಸ ಮಾಡಿದ್ವು ನೋಡ!" ಎಂದಳು.

ನಾನು ಹೌದು ಎಂದೆ. ಈಗ ಬೆಳವಣಕಿಯಿಂದ, ಮುಶಿಗೇರಿಯಿಂದ ಬಾಣಂತಿಯರ ಮನೆಯವರು ನನ್ನ ಕೈಯ ಉಂಡೆ ಕೇಳಿಕೊಂಡು ಬರುತ್ತಾರೆ. ಮಾಡಿ ಕೊಡುತ್ತೇನೆ.

ಈ ವರ್ಷ ತಂಗಿ ಮತ್ತೆ ಬಸುರಿ. ಒಂಬತ್ತನೆಯ ತಿಂಗಳಲ್ಲಿ ಉಂಡೆಯ ಡಬ್ಬಿ ಹಿಡಿದು ನರಗುಂದಕ್ಕೆ ಹೋದೆ. ಮಗಳ ಹಳೆಯ ಕುಲಾವಿಗಳನ್ನು ಮಡಚುತ್ತ ಕೂತಿದ್ದಳು. ಹಿಂದಿನ ಗೋಡೆಯ ಮಾಡದಲ್ಲಿ ಹಾಲಿನ ಪುಡಿಯ ಎರಡು ಡಬ್ಬಿಗಳಿದ್ದವು.

"ಅವು ಯಾಕ?" ಎಂದೆ.

"ನನ್ನ ಎದಿ ನಿನಗ ಗೊತ್ತಿಲ್ಲೇನಕ್ಕಾ? ಕೂಸು ಉಪವಾಸ ಬೀಳೂದು ಬ್ಯಾಡಂತ ಮೊದಲ ತಂದಿಟ್ಟೀನಿ."

ಹೇಳದೆ ಬಸ್ಸು ಹತ್ತಿದ್ದರೆ ಈ ಕೂಸಿನ ಹಾಲನ್ನೂ ನಾನೇ ಬತ್ತಿಸಿದಂತಾಗುತ್ತಿತ್ತು. ಅಲ್ಲೇ ಕೂತು ಹೇಳಿದೆ. ಅಡುಗೆಮನೆ, ಇಲ್ಲದ ಆಕಳು, ಉಂಡೆ, ಎಲ್ಲ. ಅವಳ ಕೈ ನಿಂತಿತು. ಕುಲಾವಿಯನ್ನು ಕೆಳಗಿಟ್ಟಳು.

"ಅತ್ತಿ ಹಂಗ ಅಂದಾಗ ನೀನೂ ನಕ್ಕಿದ್ದಿ."

"ಹೌದು, ನಕ್ಕಿದ್ದೆ," ಎಂದೆ.

"ಈ ಸಲ ಬಾಣಂತನ ಇಲ್ಲೇ ಮಾಡ್ಕೋತೀನಿ. ನೀ ಬರಬ್ಯಾಡ," ಎಂದಳು. ಎದ್ದು ಹಾಲಿನ ಪುಡಿಯ ಡಬ್ಬಿಗಳನ್ನು ಚೀಲಕ್ಕೆ ಹಾಕಿ ನನ್ನ ಮುಂದಿಟ್ಟಳು. "ಹೋಗೂ ಮುಂದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ವಾಪಸ್ ಕೊಟ್ಟು ಹೋಗು. ಇನ್ನೂ ಒಡದಿಲ್ಲ."

ಕೊಟ್ಟು ಬಂದೆ. ಉಂಡೆಯ ಡಬ್ಬಿ ಅವಳ ಮನೆಯಲ್ಲೇ ಉಳಿಯಿತು. ತಿಂದಳೋ ಇಲ್ಲವೋ, ನಾನು ಕೇಳಿಲ್ಲ.