ಕಂಬಳಿಯ ಮೇಲೆ ಕೂತ ಕಂಪ್ಯೂಟರು

ನಮ್ಮ ಗಣಿತದ ಮೇಡಂ ಅವರ ಬಲಗೈ ಹಿಂಬದಿಯಲ್ಲಿ ಹುಣಸೆಬೀಜದಷ್ಟು ಅಗಲದ ಸುಟ್ಟ ಕಲೆಯೊಂದಿತ್ತು. ಬೋರ್ಡಿನ ಮೇಲೆ ಬರೆಯುವಾಗ ಹುಡುಗಿಯರು ಲೆಕ್ಕ ಬಿಟ್ಟು ಅದನ್ನೇ ನೋಡುತ್ತಿದ್ದರು. ಏನದು ಎಂದು ಯಾರಾದರೂ ಕೇಳಿದರೆ, "ಕಂಪ್ಯೂಟರ್ ಕಚ್ತು ಕಣ್ರೇ" ಎನ್ನುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ಕಚ್ಚಿದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಮಧುಗಿರಿಯ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದ ನಾನು ಮೇಡಂ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಗಲೆಲ್ಲ ಕಾದ ಬೆಟ್ಟದ ಬಂಡೆ ಸಂಜೆ ಹೊತ್ತು ಊರಿನ ಮೇಲೆ ಉಗುಳುವ ಸೆಕೆಗೆ ಸಾಕಾಗಿ, ಬಂದ ತಿಂಗಳಲ್ಲೇ ವರ್ಗಾವಣೆಗೆ ಅರ್ಜಿ ಬರೆದಿಟ್ಟುಕೊಂಡಿದ್ದೆ. ಮೇಡಂ ಅದನ್ನು ಓದಿ ಕಾಗುಣಿತದ ಎರಡು ತಪ್ಪು ತಿದ್ದಿ ವಾಪಸು ಕೊಟ್ಟರು. "ಊರನ್ನ ಮುಟ್ಟಿ ನೋಡಿದ್ಯೇನಮ್ಮ? ಮುಟ್ಟಿ ನೋಡ್ದೆ ಏನೂ ಹೇಳ್ಬಾರ್ದು ಕಣಮ್ಮ" ಎಂದರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು ಅದು. ನನಗೆ ಸಿಟ್ಟು ಬಂತು. ಅರ್ಜಿಯನ್ನು ಮಾತ್ರ ಕಳಿಸಲಿಲ್ಲ.

ಆಗಲೇ ಅವರು ತುಮಕೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದದ್ದು. ಕೊರಟಗೆರೆ ಮೇಲಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಅಕ್ಷರದ ಗುಂಡಿಗಳಿದ್ದ ದಪ್ಪನೆಯ ಒಂದು ಪೆಟ್ಟಿಗೆ, ಅಷ್ಟೇ. ಟಿವಿಗೆ ಜೋಡಿಸಬೇಕು. ಹಾಡಿನ ಕ್ಯಾಸೆಟ್ಟಿನಂಥದ್ದರಲ್ಲಿ ಪ್ರೋಗ್ರಾಂ ತುಂಬಿಡಬೇಕು. ಶನಿವಾರ ಮಧ್ಯಾಹ್ನ ಹತ್ತನೇ ತರಗತಿಯ ಹುಡುಗಿಯರಿಗೆ ಅದನ್ನು ಕಲಿಸಬೇಕೆಂದು ಮೇಡಂ ಅನುಮತಿ ಕೇಳಿದಾಗ ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ನಕ್ಕರು.

"ಕುರಿ ಎಣಿಸೋರ ಮನೇಲಿ ಕಂಪ್ಯೂಟರು!"

ಮೇಡಂ ಮನೆತನ ಸಿರಾ ಕಡೆ, ಮದಲೂರಿನ ಹತ್ತಿರ ಕುರಿ ಮೇಯಿಸಿಕೊಂಡಿದ್ದ ಮನೆತನ. ಎಲ್ಲರಿಗೂ ಅದು ಗೊತ್ತಿತ್ತು. ಮೇಡಂ ತಲೆ ತಗ್ಗಿಸಲಿಲ್ಲ.

"ಎಣಿಸೋ ಕೆಲ್ಸ ನಮಗೆ ಮೊದ್ಲಿಂದ್ಲೂ ಬತ್ತದೆ ಸಾರ್. ಅದಕ್ಕೇ ತಂದೆ" ಎಂದರು.

ಹೆಡ್‌ಮಾಸ್ಟರಿಗೆ ಮುಖಭಂಗವಾಯಿತು. ಸೇಡಿಗೋ ಎಂಬಂತೆ ಒಂದು ಷರತ್ತು ಹಾಕಿದರು. ಮೂರು ವಾರದಲ್ಲಿ ಶಿಕ್ಷಣಾಧಿಕಾರಿ ಬರುತ್ತಾರೆ, ಅವರೆದುರು ಈ ಪೆಟ್ಟಿಗೆ ಒಂದು ಗಂಟೆ ನಿಲ್ಲದೆ ಓಡಿದರೆ ಕ್ಲಾಸು ಉಂಟು, ನಿಂತರೆ ಮತ್ತೆ ಆ ಮಾತೇ ಎತ್ತಕೂಡದು. ನಾನು ಇವತ್ತಿಗೂ ಆ ಮನುಷ್ಯನನ್ನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ಕಷ್ಟವೇನೆಂದರೆ ಅದು ನಿಲ್ಲುತ್ತಿತ್ತು. ಶುರುಮಾಡಿದ ಇಪ್ಪತ್ತು ನಿಮಿಷಕ್ಕೆ ಕಾದ ಹೆಂಚಾಗಿ, ಪರದೆ ಮಿಣುಕಿ, ತಾನೇ ಆರಿ ತಾನೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಮಗ್ಗಿ ಕೇಳುವ ಪ್ರೋಗ್ರಾಮೊಂದನ್ನು ಮೇಡಂ ಕೂತು ಬರೆದಿದ್ದರು. ಪ್ರತಿಸಲವೂ ಅದು ಅಳಿಸಿಹೋಗಿ, ಕ್ಯಾಸೆಟ್ಟಿನಿಂದ ಮತ್ತೆ ತುಂಬಬೇಕಾಗುತ್ತಿತ್ತು.

ತುಮಕೂರಿನಿಂದ ಬಂದ ಟಿವಿ ರಿಪೇರಿಯವನು ಪೆಟ್ಟಿಗೆಯ ಕಡೆ ದೂರದಿಂದಲೇ ನೋಡಿ, "ಇದಕ್ಕೆ ಏಸಿ ರೂಮ್ ಬೇಕು ಮೇಡಂ. ಈ ಊರು ಲಾಯಕ್ಕಲ್ಲ" ಎಂದ.

"ಮುಟ್ಟಿ ನೋಡಿದ್ಯೇನಪ್ಪ?"

ಅವನು ಮುಟ್ಟಿರಲಿಲ್ಲ. ಕಾಫಿ ಕುಡಿಸಿ ಕಳಿಸಿಬಿಟ್ಟರು.

ಆಮೇಲೆ ಶುರುವಾಯಿತು ಮೇಡಂ ಹಟ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಒಂದರ ಮೇಲೆ 'ಶುರು', ಇನ್ನೊಂದರ ಮೇಲೆ 'ನಿಂತದ್ದು' ಎಂದು ಬರೆದರು. ಬೆಳಿಗ್ಗೆ ಓಡುತ್ತಿದ್ದದ್ದು ಮೂವತ್ತು ನಿಮಿಷ, ಮಧ್ಯಾಹ್ನ ಹನ್ನೆರಡೇ ನಿಮಿಷ. ಕರೆಂಟಿನ ಏರಿಳಿತವೇ ಕಾರಣವಿರಬೇಕೆಂದು ಸ್ಟೆಬಿಲೈಸರ್ ತಂದು ನೋಡಿದರು, ನಿಂತಿತು. ಪ್ರೋಗ್ರಾಮಿನದೇ ತಪ್ಪಿರಬೇಕೆಂದು ಏನೂ ತುಂಬದೆ ಖಾಲಿ ಬಿಟ್ಟರು, ಆಗಲೂ ನಿಂತಿತು. ಒದ್ದೆ ಬಟ್ಟೆ ಹೊದಿಸೋಣ ಎಂದು ನಾನೊಂದು ಸಲಹೆ ಕೊಟ್ಟೆ. "ವಿಜ್ಞಾನದ ಟೀಚರಮ್ಮ ಆಡೋ ಮಾತಾ ಇದು?" ಎಂದು ಬೈಸಿಕೊಂಡೆ. ಒಂದು ದಿನ ಪೆಟ್ಟಿಗೆಯ ಹಿಂದೆ ಚಾಚಿಕೊಂಡಿದ್ದ ಲೋಹದ ತಗಡು ಎಷ್ಟು ಬಿಸಿಯೆಂದು ತಿಳಿಯಲು, ಜ್ವರ ನೋಡುವವರಂತೆ ಬಲಗೈ ಹಿಂಬದಿಯನ್ನು ಅದಕ್ಕೆ ಒತ್ತಿದರು. ಹತ್ತು ಎಣಿಸುವ ತನಕ ಕೈ ತೆಗೆಯಲಿಲ್ಲ. ಚರ್ಮ ಕಿತ್ತು ಬಂತು. ಕಲೆಯ ಕತೆ ಇದು.

ಅಧಿಕಾರಿ ಬರಲು ನಾಲ್ಕು ದಿನ ಉಳಿದಿತ್ತು. ಆ ಭಾನುವಾರ ಸಿರಾ ಕಡೆಯಿಂದ ಅವರ ಮನೆಯ ಗುರುಗಳು ಊಟಕ್ಕೆ ಬಂದರು. ಮೇಡಂ ಹನ್ನೊಂದಕ್ಕೆ ಯಂತ್ರ ಶುರುಮಾಡಿ, ಹೊತ್ತು ಬರೆದಿಟ್ಟು ಅಡುಗೆಮನೆಗೆ ಬಂದರು. ನಾನೂ ಮುದ್ದೆ ಕಟ್ಟುವುದಕ್ಕೆ ಕೈಹಾಕಿದೆ. ಬಡಿಸುವುದು, ಎಲೆ ಎತ್ತುವುದು, ಗುರುಗಳನ್ನು ಕಳಿಸಿಕೊಡುವುದು ಎಲ್ಲ ಮುಗಿದಾಗ ಮೂರು ಗಂಟೆ. ನಿಂತಿರುತ್ತದೆ ಬಿಡು ಎಂದುಕೊಂಡು ಕೋಣೆಗೆ ಹೋದರೆ, ಬೆಳಿಗ್ಗೆ ಕೇಳಿದ ಮಗ್ಗಿಯನ್ನೇ ಕೇಳುತ್ತ ಅದು ಕಾದು ಕೂತಿತ್ತು. ಒಂದು ಸಲವೂ ಆರಿರಲಿಲ್ಲ.

ಮೇಡಂ ಪೆಟ್ಟಿಗೆಯ ಮೇಲೆ ಕೈಯಿಟ್ಟರು, ಬೆಚ್ಚಗಿತ್ತು ಅಷ್ಟೇ. ಕೆಳಗೆ ನೋಡಿದರು. ಅದು ರಾಗಿ ಅಳೆಯುವ, ಮಗುಚಿಟ್ಟ ಎರಡು ಸೇರುಗಳ ಮೇಲೆ ಕೂತಿತ್ತು.

"ಅವ್ವಾ! ಇದರ ಕೆಳಗಿದ್ದ ಕಂಬಳಿ ಎಲ್ಲಿ?"

"ಗುರುಗಳಿಗೆ ಹಾಸಿದ್ನಲ್ಲೇ" ಎನ್ನುತ್ತ ಮೇಡಂ ತಾಯಿ ಹಿತ್ತಿಲಿನಿಂದ ಬಂದರು. "ಮಡಿ ಕಂಬ್ಳಿ ಇದ್ದುದ್ದೊಂದೇಯ. ತಂತಿ ಕಿತ್ತೋಗ್ದಂಗೆ ಮೆಲ್ಲಕ್ಕೆ ಎತ್ತಿ ಮಡಗಿವ್ನಿ ಕಣೇ."

ಅವರ ಮನೆಯಲ್ಲಿ ದೇವರಾಗಲಿ, ಗುರುವಾಗಲಿ, ಗೌರವದ ಯಾವುದೇ ಆಗಲಿ ಬರೀ ನೆಲದ ಮೇಲೆ, ಬರೀ ಹಲಗೆಯ ಮೇಲೆ ಕೂರುವಂತಿಲ್ಲ. ಕರಿಕಂಬಳಿ ಮಡಿಸಿ ಗದ್ದಿಗೆ ಹಾಕಬೇಕು. ಕಂಪ್ಯೂಟರ್ ಬಂದ ದಿನವೇ ತಾಯಿ ಅದಕ್ಕೂ ಗದ್ದಿಗೆ ಹಾಕಿ, ಭಂಡಾರದ ಅರಿಶಿನ ಹಚ್ಚಿ ಕೈಮುಗಿದಿದ್ದರು. ಮೂರು ವಾರ ನಾವಿಬ್ಬರೂ ಆ ಕಂಬಳಿಯನ್ನು ನೋಡಿಯೂ ನೋಡಿರಲಿಲ್ಲ. ಮೇಡಂ ಸ್ವಿಚ್ ಆರಿಸಿ ಪೆಟ್ಟಿಗೆ ಮಗುಚಿದರು. ತಳದಲ್ಲಿ ಗಾಳಿಯಾಡಲು ಉದ್ದುದ್ದ ಸೀಳುಗಳಿದ್ದವು, ಒಂದೊಂದರಲ್ಲೂ ಕರಿಯ ಉಣ್ಣೆ ಮೆತ್ತಿಕೊಂಡಿತ್ತು.

ಇದನ್ನು ತಾಯಿಗೆ ಹೇಗೆ ಹೇಳುತ್ತಾರೋ ಎಂದು ನನಗೆ ಭಯ. ಮೇಡಂ ತಾಯಿಯ ಬೆರಳು ಹಿಡಿದು ಸೀಳಿನ ಮೇಲೆ ಆಡಿಸಿದರು.

"ಇದು ಇಲ್ಲಿಂದ ಉಸಿರಾಡ್ತದೆ ಕಣವ್ವಾ. ಕಂಬ್ಳಿ ಮೇಲೆ ಕೂರ್ಸಿದ್ರೆ ಉಸಿರು ಕಟ್ತದೆ."

ಮುದುಕಿ ಸೀಳಿನ ಉಣ್ಣೆಯನ್ನು ಉಗುರಿನಿಂದ ಕೀಳುತ್ತ, "ಮೊದ್ಲೇ ಹೇಳ್ಬಾರ್ದೇನೇ? ಇದು ಗದ್ದಿಗೆ ಇಳಿದು ಕೆಲ್ಸ ಗೇಯೋ ದೇವ್ರು, ಒಳ್ಳೇದೇ ಆಯ್ತು ಬುಡು" ಎಂದರು. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ.

ಅಧಿಕಾರಿ ಬಂದ ದಿನ ಮೇಡಂ ಕಂಪ್ಯೂಟರನ್ನು ಅದೇ ಕರಿಕಂಬಳಿಯಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಶಾಲೆಗೆ ನಡೆದರು. ಚೀಲವಿತ್ತು, ಬೇಕೆಂದೇ ಬಿಟ್ಟರು. ಹೆಡ್‌ಮಾಸ್ಟರ ಮೇಜಿನ ಮುಂದೆಯೇ ಕಂಬಳಿ ಬಿಚ್ಚಿ, ನಾಲ್ಕು ಸೀಮೆಸುಣ್ಣದ ಡಬ್ಬಿಗಳ ಮೇಲೆ ಪೆಟ್ಟಿಗೆ ಕೂರಿಸಿ ಶಾಲೆಯ ಟಿವಿಗೆ ಜೋಡಿಸಿದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಮಗ್ಗಿಗೆ ಉತ್ತರ ಒತ್ತಿದರು. ಹನ್ನೆರಡನೇ ನಿಮಿಷಕ್ಕೆ ಹೆಡ್‌ಮಾಸ್ಟರು ಗಡಿಯಾರ ನೋಡಿದರು, ಇಪ್ಪತ್ತಕ್ಕೆ ಮತ್ತೆ ನೋಡಿದರು. ಗಂಟೆ ತುಂಬಿತು. ಅಧಿಕಾರಿ ಎದ್ದು, "ಸಾಕು ಮೇಡಂ, ಕ್ಲಾಸು ಶುರುಮಾಡಿ" ಎಂದರು.

"ಇನ್ನೊಂದು ಗಂಟೆ ಓಡ್ಲಿ ಸಾರ್" ಎಂದರು ಮೇಡಂ, ಹೆಡ್‌ಮಾಸ್ಟರನ್ನೇ ನೋಡುತ್ತ. "ಯಾರಿಗೂ ಅನುಮಾನ ಉಳೀಬಾರ್ದು."

ಓಡಿತು. ಶಾಲೆ ಬಿಡುವ ಗಂಟೆ ಹೊಡೆಯುವ ತನಕ ಓಡಿತು.

ಶನಿವಾರದ ಆ ಕ್ಲಾಸು ಎಷ್ಟೋ ವರ್ಷ ನಡೆಯಿತು. ಮೇಡಂ ಎದೆಯ ಕಾಯಿಲೆಗೆ ಡಾಕ್ಟರು ವಿಶ್ರಾಂತಿ ಹೇಳಿದಾಗ, "ಮನೇಲಿ ಕೂತ್ರೆ ನನಗೂ ಉಸಿರು ಕಟ್ತದೆ" ಎಂದು ಬಂದು ಪಾಠ ಮಾಡಿದರು. ಕೊನೆಯ ಶನಿವಾರ ಪಾಠದ ನಡುವೆ ಕೂತುಕೊಂಡು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ಹತ್ತು ದಿನದಲ್ಲಿ ಹೋಗಿಬಿಟ್ಟರು. ಅವರು ಹೋದ ವಾರದ ಶನಿವಾರವೇ ಎರಡು ಗಂಟೆಗೆ ಸರಿಯಾಗಿ ನಾನು ಕ್ಲಾಸು ತೆಗೆದುಕೊಂಡೆ. ಸೂತಕದ ಮನೆ ಪಕ್ಕದಲ್ಲಿದ್ದವಳು ಬರಬಾರದಿತ್ತು ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳಲಿ ಎಂದುಕೊಂಡೆ.

ಆ ನೋಟ್‌ಬುಕ್ಕು ಈಗ ನನ್ನ ಬಳಿಯಿದೆ, ಕಳಿಸದೆ ಉಳಿದ ವರ್ಗಾವಣೆಯ ಅರ್ಜಿ ಅದರೊಳಗೇ ಇದೆ. ಅಧಿಕಾರಿ ಬಂದ ದಿನ 'ನಿಂತದ್ದು' ಎನ್ನುವುದನ್ನು ಮೇಡಂ ಹೊಡೆದುಹಾಕಿ, ಅದರ ಪಕ್ಕ ಒತ್ತಿ ಬರೆದಿದ್ದಾರೆ: 'ನಿಲ್ಲಲಿಲ್ಲ. ನಾವೇ ನಿಲ್ಲಿಸಿದ್ದು.'