ಮೂರನೇ ಅಧ್ಯಾಯದ ಹೆಂಗಸು

ಕಣ್ಣು ಹೋಗುವ ಮೊದಲು ನಾನು ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಕನ್ನಡ, ತಮಿಳು, ತೆಲುಗು ಮೂರೂ ಇರುತ್ತಿದ್ದವು. ಸೀಸದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಓದುವುದು ನಮ್ಮ ಕಸುಬು. ಮೊಳೆ ಹೋಗಿ ಕಂಪ್ಯೂಟರ್ ಬಂದ ಮೇಲೆ ಅಲ್ಲೇ ಕರಡು ತಿದ್ದುವವನಾದೆ. ಐವತ್ತೇಳನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಎಡಗಣ್ಣನ್ನು ಪೂರ್ತಿ ತೆಗೆದುಕೊಂಡಿತು. ಬಲಗಣ್ಣಿಗೆ ಈಗ ಬೆಳಕು, ಆಕಾರ ತಿಳಿಯುತ್ತದೆ. ಅಕ್ಷರ ತಿಳಿಯುವುದಿಲ್ಲ.

ಬಂಗಾರಪೇಟೆಯಲ್ಲಿ ಶಾಲಾ ಶಿಕ್ಷಕಿಯಾಗಿರುವ ಮಗಳು ಒಂದು ಭಾನುವಾರ ಬಂದು ನನ್ನ ಫೋನಿಗೆ ಆಡಿಯೊ ಪುಸ್ತಕಗಳನ್ನು ಹಾಕಿಕೊಟ್ಟಳು. ಎಲ್ಲಿ ಒತ್ತಿದರೆ ನಿಲ್ಲುತ್ತದೆ, ಎಲ್ಲಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ ಎಂದು ನನ್ನ ಬೆರಳು ಹಿಡಿದು ಕಲಿಸಿದಳು. ಮೊದಲ ವಾರ ನನಗೆ ಸಿಟ್ಟೇ ಬರುತ್ತಿತ್ತು. ಜೀವಮಾನವೆಲ್ಲ ಪುಸ್ತಕವನ್ನು ನನ್ನದೇ ದನಿಯಲ್ಲಿ ಒಳಗೊಳಗೆ ಓದಿಕೊಂಡವನು ನಾನು. ಈಗ ಇನ್ಯಾರದೋ ದನಿ ಒಳಗೆ ಬಂದು ಕೂತಿತು. ಆ ದನಿ ಅಲ್ಪವಿರಾಮಕ್ಕೆ ನಿಲ್ಲದೆ ಓಡಿದರೆ, ಕೈಯಲ್ಲಿ ಕೆಂಪು ಪೆನ್ನಿಲ್ಲವಲ್ಲ ಎಂದು ಚಡಪಡಿಸುತ್ತಿದ್ದೆ.

ನಿಧಾನವಾಗಿ ಅಭ್ಯಾಸವಾಯಿತು. ಅಭಿಪ್ರಾಯಗಳೂ ಹುಟ್ಟಿಕೊಂಡವು. ಪತ್ತೇದಾರಿ ಕಾದಂಬರಿಯನ್ನು ಕಿವಿಯಲ್ಲಿ ಕೇಳುವುದು ಕಷ್ಟ. ಕುಕ್ಕರ್ ಒಂದು ಸಲ ಕೂಗಿದರೆ ಸುಳಿವು ಕೈತಪ್ಪಿ ಹೋಗುತ್ತದೆ, ಪುಟ ತಿರುವಿ ನೋಡುವಂತಿಲ್ಲ. ಓದುವವರೂ ಕಥೆಗಾರನಿಗೆ ದ್ರೋಹ ಮಾಡುತ್ತಾರೆ. ಮನೆಗೆಲಸದವನೊಬ್ಬ ಬಾಗಿಲು ತೆರೆದು "ಬನ್ನಿ ಸಾರ್" ಅಂದ ಕೂಡಲೇ ದನಿಯನ್ನು ಅಷ್ಟು ಗಡಸು ಮಾಡಿದರೆ ಕೊಲೆಗಾರ ಅವನೇ ಎಂದು ಗೊತ್ತಾಗಿಬಿಡುವುದಿಲ್ಲವೇ? ಅಧ್ಯಾಯದ ನಡುವೆ ಪಿಟೀಲು ಬಾರಿಸುವವರನ್ನಂತೂ ನಾನು ಕ್ಷಮಿಸಲಾರೆ. ಗಂಭೀರ ಕಾದಂಬರಿಗಳ ತಕರಾರು ಬೇರೆ. ಅವನ್ನು ಓದುವವರು ಸಾವಿನ ಮನೆಯಲ್ಲಿ ಮಾತಾಡಿದಂತೆ ಎಳೆಯುತ್ತಾರೆ. ನಾನು ವೇಗ ಹೆಚ್ಚಿಸಿಕೊಂಡು ಕೇಳುತ್ತಿದ್ದೆ. ಒಟ್ಟಿನಲ್ಲಿ ನನಗೆ ಕೊಲೆಯ ಕಥೆಗಳೇ ಹೆಚ್ಚು ಇಷ್ಟ. ಏನೋ ಒಂದು ಕಳೆದಿರುತ್ತದೆ, ಕೊನೆಗೆ ಸಿಗುತ್ತದೆ.

ನನ್ನ ಹೆಂಡತಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಪುಸ್ತಕದ ಸಹವಾಸ ಅವಳಿಗಿರಲಿಲ್ಲ. ನಾನು ಇಯರ್‌ಫೋನ್ ಹಾಕಿಕೊಂಡರೆ ಕರೆದದ್ದು ಕೇಳಿಸುವುದಿಲ್ಲ ಎಂದು ಅವಳೇ ಅದನ್ನು ಕಿತ್ತಿಟ್ಟಳು. ಆಮೇಲೆ ಮಧ್ಯಾಹ್ನಗಳಲ್ಲಿ ಫೋನು ನಡುಮನೆಯ ಕಿಟಕಿಯ ಮೇಲಿರುತ್ತಿತ್ತು. ನಾನು ಚಾಪೆಯ ಮೇಲೆ, ಅವಳು ಮೊರದ ಮುಂದೆ. ಹೀಗೆ ಅವಳೂ ಕೇಳತೊಡಗಿದಳು.

ಒಂದು ದಿನ ಹೊಸ ಕೊಲೆ ಕಾದಂಬರಿ ಹಾಕಿದ್ದೆ. ಮೂರನೇ ಅಧ್ಯಾಯದಲ್ಲಿ ಕೆರೆಯಲ್ಲಿ ಒಬ್ಬ ಹೆಂಗಸಿನ ಹೆಣ ಸಿಕ್ಕಿತು. ಇನ್‌ಸ್ಪೆಕ್ಟರ್ ದಡದಲ್ಲಿ ಚಹಾ ಕುಡಿಯುತ್ತ ಪೇದೆಯ ಹೊಟ್ಟೆಯ ಬಗ್ಗೆ ತಮಾಷೆ ಮಾಡಿದ. ಓದುವವನು ಅದನ್ನು ಚೆನ್ನಾಗಿಯೇ ಓದಿದ. ನಾನು ನಕ್ಕೆ. ಮೊರವನ್ನು ನೆಲಕ್ಕೆ ಇಟ್ಟ ಸದ್ದಾಯಿತು. ಹೆಂಡತಿ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಏನೋ ಇಟ್ಟಿರಬೇಕು ಅಂದುಕೊಂಡೆ. ಅವಳು ಅವತ್ತು ಮತ್ತೆ ಬರಲಿಲ್ಲ.

ಹತ್ತು ದಿನ ಕಳೆದಿರಬಹುದು. ಮಗಳು ಹಾಕಿಕೊಟ್ಟ ಒಂದು ಗಂಭೀರ ಕಾದಂಬರಿ ನಡೆಯುತ್ತಿತ್ತು. ಅದರಲ್ಲಿ ಒಬ್ಬಳು ಸತ್ತ ಮೇಲೆ ಅವಳ ತಂಗಿ ಸೀರೆಗಳನ್ನು ಒಂದೊಂದಾಗಿ ಒಗೆದು, ಒಣಗಿಸಿ, ಮಡಿಸುತ್ತಾಳೆ. ಇಡೀ ಅಧ್ಯಾಯ ಅಷ್ಟೇ. ನನಗೆ ಬೇಸರವಾಗಿ ವೇಗ ಹೆಚ್ಚಿಸಿದೆ.

"ಆವಮ್ಮ ಯಾಕಂಗೆ ಓಡ್ತಾವ್ಳೆ?" ಅಂದಳು ಹೆಂಡತಿ. "ನಿಧಾನುಕ್ಕೆ ಓದ್ಲಿ ಬಿಡಿ. ಮೊದ್ಲಿಂದ ಆಕಿ."

ಮೊದಲಿಂದ ಹಾಕಿದೆ. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದಳು. ಆಮೇಲೆ ತಾನಾಗಿ ಮಾತಾಡಿದಳು. "ನಮ್ಮಕ್ಕನ ಸೀರೆ ಒಂದೂ ಕೊಡ್ಲಿಲ್ಲ ನಮ್ಗೆ. ಎಲ್ಲಾ ಸುಟ್ಟಾಕುದ್ರಂತೆ."

ಅವಳಿಗೊಬ್ಬ ಅಕ್ಕ ಇದ್ದಳೆಂದು ನನಗೆ ಗೊತ್ತಿತ್ತು. ಕಾಮಸಮುದ್ರದ ಆಚೆ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು, ಬಾವಿಗೆ ಕಾಲು ಜಾರಿ ಬಿದ್ದು ಸತ್ತಳು. ನಮ್ಮ ಮದುವೆಗೆ ಎರಡು ವರ್ಷ ಮೊದಲು ನಡೆದದ್ದು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಕೇಳಿಸಿಕೊಂಡದ್ದು ಅಷ್ಟೇ. ಅವತ್ತು ಮಧ್ಯಾಹ್ನ ಅವಳು ಇನ್ನಷ್ಟು ಹೇಳಿದಳು. ಅಕ್ಕನಿಗೆ ಚಿಕ್ಕಂದಿನಿಂದ ನೀರೆಂದರೆ ಭಯ. ಬಾವಿಯ ಹತ್ತಿರ ಹೋಗುತ್ತಿರಲಿಲ್ಲ. ತವರಿನಲ್ಲಿದ್ದಾಗ ನೀರು ಸೇದುವ ಪಾಳಿ ಬಂದರೆ ತಂಗಿಯನ್ನು ಕಳಿಸಿ, ತಂಗಿಯ ಪಾಲಿನ ಪಾತ್ರೆ ತಾನು ತೊಳೆಯುತ್ತಿದ್ದಳು.

ನಾನು ಚಾಪೆಯಿಂದ ಎದ್ದು ಕೂತೆ. "ಹಾಗಾದರೆ ಕಾಲು ಜಾರುವುದು ಹೇಗೆ? ಮನೆಯಲ್ಲಿ ಅವತ್ತು ಯಾರ್ಯಾರಿದ್ದರು? ಹೆಣ ಮೊದಲು ನೋಡಿದವರು ಯಾರು? ಗಂಡ ಎಷ್ಟು ಹೊತ್ತಿಗೆ ಬಂದನಂತೆ?"

ಮೊದಲಿನ ಎರಡಕ್ಕೆ ಉತ್ತರ ಕೊಟ್ಟಳು. ಆಮೇಲೆ ಮೊರ ಕೇರತೊಡಗಿದಳು. ನಾನು ಬಿಡಲಿಲ್ಲ. ಪೊಲೀಸರು ಏನು ಬರೆದುಕೊಂಡರು ಎಂದು ಕೇಳಿದೆ.

"ಸಾಕು" ಅಂದಳು. "ನಿಮ್ಗೆ ಯಾರು ಮಾಡುದ್ರು ಅಂತ ಬೇಕು. ಅವ್ಳು ಎಂಗಿದ್ಲು ಅಂತ ಒಂದು ಮಾತು ಕೇಳುದ್ರಾ? ಈಟು ವರ್ಷ ಆಯ್ತು, ಒಂದು ಮಾತು?"

ಎರಡು ದಿನ ಅವಳು ನಡುಮನೆಗೆ ಬಂದು ಕೂರಲಿಲ್ಲ. ನಾನು ಒಬ್ಬನೇ ಆ ಕೆರೆಯ ಹೆಣದ ಕಾದಂಬರಿಯನ್ನು ಮುಗಿಸಿದೆ. ಕೊಲೆಗಾರ ಸಿಕ್ಕಿದ. ಮುಗಿದ ಮೇಲೆ ಆ ಸತ್ತ ಹೆಂಗಸಿನ ಬಗ್ಗೆ ನನಗೇನು ಗೊತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಹಸಿರು ಸೀರೆ, ಕೈಯಲ್ಲಿ ಗಾಯದ ಗುರುತು. ಎರಡೂ ಸುಳಿವುಗಳು. ಅದರಾಚೆ ಕಥೆಗಾರನೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ, "ಆ ಊರಿಗೆ ಹೋಗಿಬರೋಣ" ಅಂದೆ.

"ಅಲ್ಲಿ ಯಾರವ್ರೆ? ಭಾವನೂ ಸತ್ತ, ಅವ್ರಮ್ಮನೂ ಸತ್ಲು." ಆಮೇಲೆ ಅವಳೇ ಅಂದಳು, "ಪಕ್ಕದ ಮನೇಲಿ ಒಬ್ರು ಇದ್ರು. ಅಕ್ಕನ್ನ ಮಗಳಂಗೆ ನೋಡ್ಕೊಂಡಿದ್ರು. ಇದ್ರೆ ಈಗ ಎಂಬತ್ತು ದಾಟಿರ್ತಾರೆ."

ಬಂಗಾರಪೇಟೆಗೆ ಹೋಗಿ ಕಾಮಸಮುದ್ರದ ಬಸ್ಸು ಹಿಡಿದೆವು. ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಅವಳು ನನ್ನ ಮುಂಗೈ ಹಿಡಿದಿದ್ದಳು. ಕುರುಡನನ್ನು ಕರೆದೊಯ್ಯುವ ಹಿಡಿತವಾಗಿರಲಿಲ್ಲ ಅದು. ಅವಳ ಬೆರಳು ತಣ್ಣಗಿದ್ದವು.

ಮುದುಕಿ ಇದ್ದಳು. ಜಗಲಿಯ ಮೇಲೆ ಕೂತ ಒಂದು ಬಿಳಿಯ ಆಕಾರವಾಗಿ ನನಗೆ ಕಂಡಳು. ಹೆಂಡತಿ "ಅವ್ವಾ, ಚೆನ್ನಾಗಿದ್ದೀರಾ?" ಅಂದಳಷ್ಟೇ. ಯಾರೆಂದು ಹೇಳಿರಲಿಲ್ಲ.

ಮುದುಕಿ ನಮ್ಮತ್ತ ತಿರುಗಿ, "ನೀನು ಅವ್ಳ ತಂಗಿ ಅಲ್ವಾ?" ಅಂದಳು. "ಗೊಂತು ಅಂಗೇ ಐತೆ." ಗೊಂತು ಎಂದರೆ ದನಿ, ಆ ಕಡೆಯ ತೆಲುಗು ಮಾತು.

ಹೆಂಡತಿ ಜಗಲಿಯ ಅಂಚಿನಲ್ಲಿ ಕೂತಳು. ಇಬ್ಬರೂ ಅತ್ತರು. ನನ್ನ ಗಂಟಲಲ್ಲಿ ಪ್ರಶ್ನೆಗಳು ಇನ್ನೂ ಇದ್ದವು ಎಂದು ಒಪ್ಪಿಕೊಳ್ಳಬೇಕು. ಬಾಯಿ ಬಿಗಿಹಿಡಿದು ಕೂತೆ. ಕೊನೆಗೆ ಹೆಂಡತಿ ಕೇಳಿದಳು, "ನಮ್ಮಕ್ಕ ಇಲ್ಲಿ ನಗ್ತಾ ಇದ್ಲಾ ಅವ್ವಾ?"

"ನಗೋಳಾ? ನಮ್ಮುನ್ನೆಲ್ಲಾ ನಗ್ಸೋಳು, ಎದರ್ಸೋಳು. ಅವ್ಳು ಓದಿದ್ಲಲ್ಲಮ್ಮ, ಏಳನೇ ಕ್ಲಾಸು. ವಾರುಕ್ಕೊಂದು ಪುಸ್ತಕ ತರ್ಸೋಳು, ದಾರಾವಾಹಿ ಬರ್ತದಲ್ಲ, ಅದು. ಮದ್ಯಾನ ಕಡ್ಲೇಕಾಯಿ ಸುಲೀತಾ ನಾವು ಏಳೆಂಟು ಜನ ಇದೇ ಜಗ್ಲಿ ಮೇಲೆ ಕೂತ್ಕೊಳ್ಳೋದು, ಅವ್ಳು ಓದೋಳು. ಕೊಲೆ ಕತೆ. ಪೊಲೀಸ್ನೋನು ಬಂದ್ರೆ ಪೊಲೀಸ್ನೋನಂಗೆ, ಮುದುಕ ಬಂದ್ರೆ ಮುದುಕನಂಗೆ. ಕಳ್ಳ ಯಾರು ಅಂತ ಮಾತ್ರ ಗೊತ್ತಾಗ್ದಂಗೆ ಓದೋಳು."

ಹೆಂಡತಿಗೆ ಇದು ಗೊತ್ತಿರಲಿಲ್ಲ. ತವರಿನಲ್ಲಿ ಪುಸ್ತಕವೇ ಇರಲಿಲ್ಲ. ಈ ಓದು ಅಕ್ಕ ಮದುವೆಯಾಗಿ ಬಂದ ಮೇಲೆ ಹುಟ್ಟಿಸಿಕೊಂಡದ್ದು.

"ಕಡೇ ವಾರ ಒಂದು ಕತೆ ನಡೀತಿತ್ತು," ಮುದುಕಿ ಹೇಳಿದಳು. "ಒಬ್ಬ ಸಾವ್ಕಾರನ್ನ ಕೊಂದಾಕಿರ್ತಾರೆ. ಯಾರು ಅಂತ ಮುಂದಿನ ವಾರ ಐತೆ, ಕಾಯ್ರಿ ಅಂತ ಏಳಿ ಎದ್ದೋದ್ಲು. ಎಲ್ಡು ದಿನುಕ್ಕೆ ಇಂಗಾಯ್ತು. ಪುಸ್ತಕ ಆಮೇಲೂ ಬಂತು. ನಮ್ಗೆ ಯಾರಿಗೂ ಓದೋಕೆ ಬರಲ್ವಲ್ಲ. ಒಂದಿನ ಮಡಗಿದ್ದು, ಆಮೇಲೆ ಅವ್ರತ್ತೆ ಒಲೆಗೆ ಆಕುದ್ಲು."

"ಆ ಕತೆ ಏಳಿ ಅವ್ವಾ," ಅಂದಳು ಹೆಂಡತಿ.

ಮುದುಕಿ ಹೇಳಿದಳು. ಮೂವತ್ತು ವರ್ಷದ ಹಿಂದೆ ಕಿವಿಯಿಂದ ಕೇಳಿದ್ದು. ಅರ್ಧ ಕನ್ನಡ, ಅರ್ಧ ತೆಲುಗು. ಸಾಹುಕಾರನ ಬೀಗದ ಕೈ, ಅವನ ಎರಡನೇ ಹೆಂಡತಿ, ರೈಲಿನಲ್ಲಿ ಬಂದ ತಮ್ಮ, ಎಲ್ಲವೂ ನೆನಪಿತ್ತು. ನಡುನಡುವೆ "ಇಲ್ಲಿ ಅವ್ಳು ಇಂಗೆ ನಿಲ್ಸೋಳು" ಎಂದು ನಿಲ್ಲಿಸುತ್ತಿದ್ದಳು. ನಿಲ್ಲಬೇಕಾದ ಜಾಗ ಅದೇ ಆಗಿರುತ್ತಿತ್ತು. ನಾನು ಎಷ್ಟೋ ಪುಸ್ತಕ ಕೇಳಿದ್ದೇನೆ, ಇಷ್ಟು ಚೆನ್ನಾಗಿ ಓದಿದವರನ್ನು ಕೇಳಿಲ್ಲ. ನೋಡಿಯೇ ಇರದ ಆ ಹೆಂಗಸು ಅಲ್ಲೇ ಎಲ್ಲೋ ಕೂತಿದ್ದಾಳೆ ಅನ್ನಿಸಿತು. ಕೊಲೆ ಮಾಡಿದವನು ಯಾರಿರಬಹುದು ಎಂದು ಊಹಿಸಲು ನಾನು ಹೋಗಲಿಲ್ಲ.

ಹೊರಡುವಾಗ ಮುದುಕಿ ಹೆಂಡತಿಯ ಕೈ ಹಿಡಿದು ತಾನಾಗಿಯೇ ಹೇಳಿದಳು. "ಅವತ್ತಿಂದು ನಂಗೊತ್ತಿಲ್ಲ ತಾಯಿ. ದೇವ್ರಾಣೆ ಗೊತ್ತಿಲ್ಲ. ನಾನು ಸಂತೆಗೆ ಓಗಿದ್ದೆ. ಬರೋ ಒತ್ತಿಗೆ ಜನ ಸೇರಿದ್ರು. ಇದ್ದಿದ್ರೆ ಬಿಡ್ತಿರ್ಲಿಲ್ಲ."

"ಬಿಡಿ ಅವ್ವಾ," ಅಂದಳು ಹೆಂಡತಿ. "ನಾನು ಅದುನ್ನ ಕೇಳೋಕೆ ಬಂದಿರ್ಲಿಲ್ಲ."

ಆದರೆ ಬಸ್ಸಿನಲ್ಲಿ ಅವಳೇ ನನ್ನ ಕಿವಿಯ ಹತ್ತಿರ ಬಾಗಿ, "ತಳ್ಳಿರ್ತಾರೆ ಅಲ್ವಾ?" ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಇರಬಹುದು ಅಂದೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯ ಹಿರಿಯರ ಎಡೆಯ ಪಕ್ಕದಲ್ಲಿ ಅವಳು ಇನ್ನೊಂದು ಎಲೆ ಹಾಕಿದಳು. ಗಂಡನ ಮನೆಯಲ್ಲಿ ತವರಿನವರಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಯಾರನ್ನೂ ಕೇಳಲು ಹೋಗಲಿಲ್ಲ. ವಡೆ, ಒಬ್ಬಟ್ಟು ಬಡಿಸಿ, ಮೇಲೊಂದು ಹೊಸ ಸೀರೆ ಮಡಿಸಿಟ್ಟಳು. ಹಬ್ಬಕ್ಕೆ ಬಂದಿದ್ದ ಮಗಳು, "ಇದು ಯಾರಿಗಮ್ಮ?" ಎಂದು ಕೇಳಿದಳು.

"ನಿಮ್ಮ ದೊಡ್ಡಮ್ಮುಂಗೆ."

"ಯಾವ ದೊಡ್ಡಮ್ಮ?"

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಮಗಳನ್ನು ಹತ್ತಿರ ಕೂರಿಸಿಕೊಂಡಳು. ನೀರಿನ ಪಾಳಿಗೆ ಬದಲಾಗಿ ಅಕ್ಕ ತನ್ನ ಪಾತ್ರೆ ತೊಳೆದುಕೊಡುತ್ತಿದ್ದಲ್ಲಿಂದ ಶುರು ಮಾಡಿದಳು.